ಮಧ್ಯಾಹ್ನದ ಏರು

ಲಿಫ್ಟ್ ರಿಪೇರಿಯವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮಗಳಿಗೆ ಉಬ್ಬಸ ಶುರುವಾದಾಗ ಅವಳ ಕೋಣೆ, ಅಡುಗೆಮನೆ, ಬಾಲ್ಕನಿ ಎಲ್ಲ ಕಡೆ ಒಂದೊಂದು ವೈರ್‌ಲೆಸ್ ಸೆನ್ಸರ್ ತೂಗುಹಾಕಿದ. ನಡುಮನೆಯಲ್ಲಿ ಅಂಗೈಯಗಲದ ಕಂಪ್ಯೂಟರಿಗೆ ಮೋಟು ಆಂಟೆನಾ ಸಿಕ್ಕಿಸಿ, ಸೆಕೆ ಎಷ್ಟು, ಗಾಳಿಯ ತೇವ ಎಷ್ಟು ಎಂದು ಅದು ದಿನವಿಡೀ ಪರದೆಯ ಮೇಲೆ ಗೀಟು ಎಳೆಯುವ ಹಾಗೆ ಮಾಡಿದ. ಮಗಳಿಗೆ ಅದೊಂದು ಆಟ. ಕೂತಲ್ಲಿ ಕೂರದ ಅವಳನ್ನು ಮನೆಯಲ್ಲಿ ಮಿಡತೆ ಅಂತಲೇ ಕರೆಯುತ್ತಿದ್ದರು. ಸೆನ್ಸರಿನ ಮೇಲೆ ಉಫ್ ಎಂದು ಊದಿ ಓಡಿಬಂದು, "ಅಪ್ಪಾ, ಮೇಲೆ ಹೋಯ್ತಾ?" ಅನ್ನುವಳು.

ಆ ಚಳಿಗಾಲ ಉಬ್ಬಸ ಮಿಡತೆಯನ್ನು ಬಿಡಲಿಲ್ಲ. ಎಲ್ಲವನ್ನೂ ಅಳೆದವನಿಗೆ ಅವಳನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಹೆಂಡತಿ ಮಗಳ ಕೋಣೆಗೆ ಬೀಗ ಹಾಕಿ ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡಳು. "ಆ ಸುದ್ದಿ ಎತ್ತಬೇಡಿ" ಅಂದಳು, ಅಷ್ಟೇ. ಅವನೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಊಟ ಬಡಿಸುತ್ತಾಳೆ, ಬಟ್ಟೆ ಮಡಚುತ್ತಾಳೆ, ಕೇಳಿದ್ದಕ್ಕೆ ಹೂಂ ಅಥವಾ ಉಹೂಂ. ಇವಳ ಎದೆ ಕಲ್ಲಾಗಿಹೋಯಿತು, ಈ ಮನೆಯಲ್ಲಿ ಅಳುವವನು ನಾನೊಬ್ಬನೇ ಎಂದು ಅವನು ಒಳಗೊಳಗೇ ಬೇಯುತ್ತಿದ್ದ. ಇವಳ ಜೊತೆ ಇನ್ನು ಬಾಳುವುದು ಹೇಗೆ ಅನ್ನುವ ಯೋಚನೆಯೂ ಬಂದುಹೋಗುತ್ತಿತ್ತು.

ಮುಚ್ಚಿದ ಕೋಣೆಯ ಸೆನ್ಸರ್ ಮಾತ್ರ ಸುದ್ದಿ ಕಳಿಸುತ್ತಲೇ ಇತ್ತು. ಖಾಲಿ ಕೋಣೆ, ಗೀಟು ನೆಟ್ಟಗಿರಬೇಕು. ಆದರೆ ದಿನಾ ಮಧ್ಯಾಹ್ನ ತೇವ ಏರುತ್ತಿತ್ತು, ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಹಾಳಾದ್ದು ಕೆಟ್ಟಿತು ಅಂದುಕೊಂಡ. ಬಿಚ್ಚಿ ನೋಡೋಣವೆಂದರೆ ಬೀಗದ ಕೈ ಕೇಳುವ ಧೈರ್ಯವಿಲ್ಲ. ಕೊನೆಗೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಗೀಟು ಎಳೆಯುವಾಗ ಆ ಏರನ್ನು ಕಳೆದುಬಿಡು ಅಂತ ಅಪ್ಪಣೆ ಕೊಟ್ಟ. ಗೀಟು ನೆಟ್ಟಗಾಯಿತು. ಜಾಣ, ಮಹಾ ಜಾಣ. ಮನುಷ್ಯರು ಉಸಿರಾಡಿದರೂ ಗಾಳಿ ತೇವವಾಗುತ್ತದೆ ಅಂತ ಮಗಳು ಊದಿ ಊದಿ ತೋರಿಸಿದ್ದಳಲ್ಲ, ಅದು ಇವನ ತಲೆಗೆ ಹೋಗಲೇ ಇಲ್ಲ.

ಒಂದು ದಿನ, ಕೆಲಸಕ್ಕೆ ಹೋದ ಕಟ್ಟಡದಲ್ಲಿ ಕರೆಂಟ್ ಹೋಗಿ, ಮಧ್ಯಾಹ್ನವೇ ಮನೆಗೆ ಬಂದ. ಕೋಣೆಯ ಬೀಗ ತೆಗೆದಿತ್ತು. ಬಾಗಿಲು ತಳ್ಳಿದರೆ, ಹೆಂಡತಿ ಮಗಳ ಪುಟ್ಟ ಮಂಚದಲ್ಲಿ ಮೊಣಕಾಲು ಮಡಚಿ ಮಲಗಿ, ದಿಂಬಿಗೆ ಮುಖ ಒತ್ತಿ ಬಿಕ್ಕುತ್ತಿದ್ದಾಳೆ.

ಅವನನ್ನು ಕಂಡು ಎದ್ದು ಕೂತಳು. "ನಿಮ್ಮ ಪೆಟ್ಟಿಗೆ ಎಲ್ಲಿ ಚಾಡಿ ಹೇಳಿಬಿಡತ್ತೋ ಅಂತ ದಿನಾ ಹೆದರ್ತಿದ್ದೆ ಕಣ್ರೀ. ನಾನೂ ಅತ್ತುಬಿಟ್ರೆ ನಿಮ್ಮನ್ನ ಹಿಡಿಯೋರು ಯಾರು?"

"ಹೇಳ್ತು ಕಣೇ, ದಿನಾ ಹೇಳ್ತು. ನಾನೇ ಅದರ ಬಾಯಿ ಮುಚ್ಚಿಸಿದೆ."

ಅವಳು ಗೋಡೆಯ ಕಡೆ ಸರಿದು ಜಾಗ ಬಿಟ್ಟಳು. ಅವನು ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತ. ಆಮೇಲೆ ಯಾರು ಯಾರನ್ನು ಸಮಾಧಾನ ಮಾಡಿದರೋ, ಇಬ್ಬರೂ ಹೊಟ್ಟೆ ತುಂಬ ಅತ್ತರು.

ಸಂಜೆ ಅವನು ಆ ಸಾಲನ್ನು ಅಳಿಸಿದ. ಅಡಗಿಸಿಟ್ಟಿದ್ದ ಏರುಗಳೆಲ್ಲ ಪರದೆಯ ಮೇಲೆ ಎದ್ದುಬಂದವು. ಅವಳು ಒಬ್ಬಳೇ ಅತ್ತ ಅಷ್ಟೂ ಮಧ್ಯಾಹ್ನಗಳು. ಅವತ್ತಿನದು ಎಲ್ಲಕ್ಕಿಂತ ಎತ್ತರ.

ಹೆಂಡತಿ ಹಿಂದೆ ಬಂದು ನಿಂತು, ಅವನ ಹೆಗಲ ಮೇಲೆ ಕೈಯಿಟ್ಟಳು.

"ಮೇಲೆ ಹೋಯ್ತಾ?" ಅಂದಳು.

ಅವನು ಹೌದೆಂದು ತಲೆಯಾಡಿಸಿದ.