ಹಳದಿ ಜನ

ಗಣಕದ ಪರದೆಯ ಮೇಲೆ ಆ ಬೆಳಿಗ್ಗೆ ಹೊಸ ಕುಲವೊಂದು ಹುಟ್ಟಿತ್ತು. ಹಳದಿ ಬಣ್ಣದ್ದು.

"ನೋಡೇ ಇಲ್ಲಿ!" ಎನ್ನುತ್ತ ಪಕ್ಕದ ಮೇಜಿನವನು ಕುರ್ಚಿ ಸಮೇತ ಉರುಳಿಕೊಂಡು ಬಂದ. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವನು ಗಡಿಬಿಡಿ. "ಯಾರಿಗೂ ಗೊತ್ತಿಲ್ಲದ ಮೂಲ ಜನ! ಮೇಡಂಗೆ ಹೇಳಿಬಿಟ್ಟೆ. ಇನ್ನು ಅವರು ಕುಣಿಯೋದೊಂದು ಬಾಕಿ."

ಆ ಲೆಕ್ಕ ನಡೆಸಿದ್ದ ಕಿರಿಯವಳು ನೋಡಿದಳು. ಒಬ್ಬೊಬ್ಬರ ಜೀನೋಮಿಗೆ ಒಂದೊಂದು ತೆಳ್ಳನೆಯ ಪಟ್ಟಿ. ಯಾರ ಮೈಯಲ್ಲಿ ಯಾವ ಹಳೆಯ ಜನರ ಪಾಲು ಎಷ್ಟೆಂದು ಲೆಕ್ಕದಿಂದ ಊಹಿಸಿ ಯಂತ್ರ ಬಣ್ಣ ಬಳಿಯುತ್ತದೆ. ಎಲ್ಲರದೂ ನೀಲಿ, ಕೆಂಪು, ಹಸಿರುಗಳ ಕಲಬೆರಕೆ. ಮೂಲೆಯ ಒಂದು ಹಿಡಿ ಪಟ್ಟಿ ಮಾತ್ರ ಅಪ್ಪಟ ಹಳದಿ. ಅಜ್ಜಿಯ ಕತೆಗಳಲ್ಲಿ ಏಳು ಸಮುದ್ರದಾಚೆ ಹೊನ್ನಿನ ಮೈಯ ಜನ ಇರುತ್ತಿದ್ದರು. ಇಲ್ಲಿ ಆ ಜನವೆಂದರೆ ಅಜ್ಜಿ, ಅಮ್ಮ, ಚಿಕ್ಕಮ್ಮ, ಚಿಕ್ಕಮ್ಮನ ಮಕ್ಕಳು, ಅಕ್ಕ, ಮತ್ತೆ ಸ್ವತಃ ಅವಳು.

ಲೆಕ್ಕಕ್ಕೆ ಹಾಕುವ ಮೊದಲು ನೆಂಟರನ್ನು ಜರಡಿ ಹಿಡಿಯಬೇಕು, ಮನೆಗೊಬ್ಬರನ್ನು ಉಳಿಸಬೇಕು. ಇಲ್ಲದಿದ್ದರೆ ಯಂತ್ರ ಒಂದು ಸಂಸಾರವನ್ನೇ ಕುಲವೆಂದು ನಂಬಿಬಿಡುತ್ತದೆ. ಜರಡಿ ಉಳಿಸುವುದು ಎಲ್ಲೂ ಓದು ತಪ್ಪದ, ತೂತಿಲ್ಲದ ಮಾದರಿಯನ್ನು. ಅಕ್ಕನದರಲ್ಲಿ ತೂತೇ ಹೆಚ್ಚು. ಮಾದರಿಗೆಂದು ಕಿರಿಯವಳು ಮನೆಮಂದಿಯಿಂದೆಲ್ಲ ನಳಿಕೆಗೆ ಉಗಿಸಿಕೊಂಡಾಗ, "ನನ್ನ ಎಂಜಲಿಗೂ ಬೆಲೆ ಬಂತಲ್ಲೇ!" ಎಂದು ನಕ್ಕೂ ನಕ್ಕೂ ನೊರೆಯನ್ನೇ ತುಂಬಿಸಿದ್ದಳು. ಹೋದ ತಿಂಗಳು ಅವಳು ತೀರಿಕೊಂಡಳು. ಕೆಲಸಕ್ಕೆ ಮರಳಿದ ದಿನ, ತೆಗೆಯಬೇಕಾದವರಲ್ಲಿ ಜರಡಿ ಎಲ್ಲರಿಗಿಂತ ಮೊದಲು ಅಕ್ಕನ ಹೆಸರನ್ನೇ ತೋರಿಸಿತ್ತು. ಕಿರಿಯವಳು ಜರಡಿಯನ್ನೇ ಬಿಟ್ಟು ಮುಂದೆ ಹೋಗಿದ್ದಳು.

ಅಳು ಆಗಲೂ ಬರಲಿಲ್ಲ, ಈಗಲೂ ಇಲ್ಲ. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದ ದವಡೆಯಂತಾಗಿತ್ತು ಇಡೀ ಮೈ.

ಮೇಡಂ ಚಹಾದ ಲೋಟ ಹಿಡಿದೇ ಬಂದರು. "ಎಲ್ಲಿದ್ದಾರಮ್ಮಾ ನಿನ್ನ ಹೊಸ ಜನ? ಸಂಜೆಗೆ ಲೇಖನ ಕಳಿಸಿಬಿಡೋಣ."

ಸುಮ್ಮನಿದ್ದರೆ ಆಗುತ್ತಿತ್ತು. ಅಕ್ಕ ಅಚ್ಚಾಗುತ್ತಿದ್ದಳು, ಹೊನ್ನಿನ ಬಣ್ಣದಲ್ಲಿ, ಮನೆಮಂದಿಯ ನಡುವೆ.

"ಮೇಡಂ, ಅದು ಜನ ಅಲ್ಲ. ನಮ್ಮನೆಯೋರು."

"ಅಂದ್ರೆ?"

"ಜರಡಿ ಹಿಡಿದಿಲ್ಲ. ನಾನೇ ಬಿಟ್ಟೆ."

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದ ಗಡಿಬಿಡಿ. ಮೇಡಂ ಅವನತ್ತ ಕಣ್ಣು ಬಿಟ್ಟರು.

"ಮೊದಲೇ ಹೇಳಿದೆಯಲ್ಲ, ಮಾನ ಉಳೀತು. ನಿನ್ನೊಬ್ಬಳನ್ನ ಇಟ್ಟು ಉಳಿದೋರನ್ನ ತೆಗಿ. ನಿಂದೇ ಚೆನ್ನಾಗಿರೋದು."

"ಅಕ್ಕನ್ನ ಇಡ್ತೀನಿ."

"ಅದು ತೂತು ಮಡಕೆ ಕಣಮ್ಮಾ."

"ನಾನು ಇನ್ನೊಂದು ಸಲ ಉಗೀಬಹುದು ಮೇಡಂ. ಅವಳಿಗೆ ಆಗಲ್ಲ."

ಮೇಡಂ ಲೋಟವನ್ನು ಮೇಜಿನ ಮೇಲಿಟ್ಟರು. "ತೂತು ನಮ್ಮ ಮಿತಿಯೊಳಗೆ ಇದೆಯಾ?"

"ಅಂಚಿನಲ್ಲಿದೆ."

"ಸರಿ, ಇಡು."

ಅಜ್ಜಿ, ಅಮ್ಮ, ಚಿಕ್ಕಮ್ಮ, ಅವಳ ಮಕ್ಕಳು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಕಿರಿಯವಳು ತನ್ನನ್ನೂ ತೆಗೆದಳು. ಬೆರಳಿಗೆ ಏನೂ ಅನಿಸಲಿಲ್ಲ. ಯಂತ್ರ ಮತ್ತೆ ಲೆಕ್ಕಕ್ಕೆ ಕೂತಿತು. ಗಡಿಬಿಡಿ ಊಟಕ್ಕೆ ಕರೆದ, ಅವಳು ಏಳಲಿಲ್ಲ.

ಮಧ್ಯಾಹ್ನ ಚಿತ್ರ ಮೂಡಿತು. ಹಳದಿ ಎಲ್ಲೂ ಇರಲಿಲ್ಲ. ಅಕ್ಕ ಈಗ ಊರಿನವರಂತೆ ನೀಲಿ ಒಂದಿಷ್ಟು, ಕೆಂಪು ಒಂದಿಷ್ಟು, ತುದಿಯಲ್ಲಿ ಹಸಿರು. ಯಾರ್ಯಾರೋ ಅಪರಿಚಿತರ ನಡುವೆ, ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಳು. ಅವಳ ಎಡಕ್ಕೆ ನಿಂತವರು ಯಾರೆಂದು ಕಿರಿಯವಳಿಗೆ ಗೊತ್ತಿರಲಿಲ್ಲ. ಬಣ್ಣ ಮಾತ್ರ ಥೇಟ್ ಅಕ್ಕನದೇ.

"ಬಂತಾ?" ಎಂದು ಒಳಕೋಣೆಯಿಂದ ಮೇಡಂ ಕೂಗಿದರು.

"ಬಂತು," ಎಂದು ಅವಳು ಚಿತ್ರವನ್ನು ಕಳಿಸಿದಳು.