ಒಣಗದ ಹಸಿರು

ಟರ್ಪೆಂಟೈನ್ ವಾಸನೆ ಈಗ ವಾಸನೆಯೇ ಅಲ್ಲ, ನನ್ನದೇ ಬೆವರು, ಬಟ್ಟೆಯ ತುದಿ ಅದ್ದಿ ರಾಕ್ಷಸ ಗೊಂಬೆಯ ಬಾಲದಿಂದ ಶುರುಮಾಡಿದ್ದೇನೆ, ಹಸಿರು ಬರುತ್ತಿದೆ, ಒರೆಸಿದಂತೆಲ್ಲ ಬರುತ್ತಿದೆ, ಬಳಿದು ಮೂರು ತಿಂಗಳಾದರೂ ನಿನ್ನೆ ಬಳಿದ ಹಾಗೆ ಅಂಟಂಟು, ಬೆನ್ನಿನ ಮುಳ್ಳುಗಳ ಸಂದಿಯಲ್ಲೆಲ್ಲ ಧೂಳು, ಒಂದು ಸೊಳ್ಳೆ ಬೇರೆ ಸಿಕ್ಕಿಕೊಂಡು ಸತ್ತಿದೆ, ಅದಕ್ಕೆ ಸಾಯಲು ಬೇರೆ ಜಾಗ ಸಿಗಲಿಲ್ಲವೇ — ಬಾಲ ಮುಗಿಸಿ ಕಾಲು, ಕಾಲು ಮುಗಿಸಿ ಹೊಟ್ಟೆ, ಎದೆಗೆ ಕೊನೆಯಲ್ಲಿ ಹೋದರಾಯಿತು, ಎದೆಯ ಕಡೆ ಈಗ ನೋಡುವುದೇ ಬೇಡ. ಏನ್ರೀ, ಅದಕ್ಕೊಂದು ಗತಿ ಕಾಣಿಸಿ, ಕಣ್ಣಿಲ್ಲದೆ ನಿಂತಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ, ಬೆಳಿಗ್ಗೆ ಹೆಂಡತಿ ಅಂದಳು, ನನ್ನ ಮುಖ ನೋಡದೆ, ತಟ್ಟೆ ತೊಳೆಯುತ್ತ, ಸರಿಯಾಗಿ ಬಣ್ಣ ಹಾಕಿ ಅವಳ ಪುಸ್ತಕಗಳ ಪಕ್ಕ ಇಡೋಣ, ಅವಳು ಮುಗಿಸಬೇಕು ಅಂತಿದ್ದಳಲ್ಲ, ನಾನು ಹೂಂ ಅಂದೆ, ಮಗಳು ಹೋದಮೇಲೆ ಈ ಮನೆಯಲ್ಲಿ ಹೂಂ ಅನ್ನುವುದರಲ್ಲಿ ಇಬ್ಬರೂ ಪಳಗಿಬಿಟ್ಟಿದ್ದೇವೆ.

ನನ್ನ ಹುಟ್ಟುಹಬ್ಬಕ್ಕೆ ತಂದಳು, ಐವತ್ತೆರಡು ತುಂಬಿದ ಅಪ್ಪನಿಗೆ ಯಾರಾದರೂ ಆಟಿಕೆ ತರುತ್ತಾರೆಯೇ, ಡಬ್ಬ ಬಿಚ್ಚಿದರೆ ವಿನೈಲಿನ ಟೊಳ್ಳು ತುಂಡುಗಳು, ಒಂದು ತಲೆ, ಮುಂಡ, ಎರಡು ಕೈ, ಎರಡು ಕಾಲು, ಮೂರು ತುಂಡಾದ ಬಾಲ — ಇದೇನೇ ಮೊಂಡಿ, ಕೊಲೆ ಕೇಸಾ ಅಂದೆ, ಬಿದ್ದು ಬಿದ್ದು ನಕ್ಕಳು, ಮೊಂಡಿ ಅಂತಲೇ ಹತ್ತೊಂಬತ್ತು ವರ್ಷ ಕರೆದದ್ದು, ನಿನ್ನ ರಾಕ್ಷಸ ಕಣಪ್ಪಾ, ನಲವತ್ತಡಿ ಇದ್ದೋನು ಒಂದೂವರೆ ಗೇಣಾಗಿದ್ದಾನೆ ನೋಡು. ಹೌದು ನನ್ನವನೇ, ಸಮುದ್ರದಿಂದೆದ್ದು ಊರು ತುಳಿಯುವವನು, ಆ ಸಿನಿಮಾ ಬಂದಾಗ ಟಾಕೀಸಿನ ಮುಂದೆ ಬೋರ್ಡಿನಲ್ಲಿ ಅವನನ್ನು ನಿಲ್ಲಿಸಿದವನು ನಾನು, ಇವಳಿಗಾಗ ನಾಲ್ಕು, ಅವನ ಕಾಲುಗುರಿನ ಹತ್ತಿರ ನೆಲದ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು, ಹೆದರಲಿಲ್ಲ, ಪಾಪ ಅದಕ್ಕೆ ಕಣ್ಣೇ ಇಲ್ಲ ಅಪ್ಪಾ ಅಂದಳು, ಕಣ್ಣು ಕೊನೆಗೆ ಪುಟ್ಟಿ, ಕಣ್ಣು ಯಾವಾಗಲೂ ಕೊನೆಗೆ. ಬಿಸಿನೀರಲ್ಲಿ ಅದ್ದಿದರೆ ವಿನೈಲು ಮೆತ್ತಗಾಗುತ್ತದೆ, ಮೆತ್ತಗಿರುವಾಗಲೇ ಅಂಚು ಕೊಯ್ದು ತೋಳನ್ನು ಭುಜದ ತೂತಿಗೆ ಒತ್ತಬೇಕು, ಇವಳಿಗೋ ಹುಟ್ಟಾ ಅವಸರ, ಬ್ಲೇಡು ಜಾರಿತು, ಹೆಬ್ಬೆರಳಿಗೆ ಓರೆಯಾಗಿ ಒಂದು ಗೀರು, ಒಳಗಿನಿಂದ ಬಂದ ಹೆಂಡತಿ ಅಪ್ಪ ಮಗಳು ಇಬ್ಬರಿಗೂ ಸೇರಿಸಿ ಮಂಗಳಾರತಿ ಎತ್ತಿದಳು, ನಾವಿಬ್ಬರೂ ರಾಕ್ಷಸನ ಕೈ ತೋರಿಸಿ ಇವನೇ ಪರಚಿದ್ದು ಅಂದೆವು.

ಅಲ್ಲಿಗೆ ನಿಲ್ಲಿಸಿದ್ದರೆ, ಬಣ್ಣದ ವಿಷಯಕ್ಕೆ ನಾನು ಬಾಯಿ ಹಾಕದಿದ್ದರೆ — ಅಪ್ಪಾ, ಡಬ್ಬದೊಳಗಿನ ಚೀಟಿಲಿ ಬೇರೆ ಬಣ್ಣ ಅಂತ ಬರೆದಿದೆ, ನೀರಲ್ಲಿ ಕಲಸೋದು, ಎಣ್ಣೆ ಬಣ್ಣ ಹಾಕಬೇಡಿ ಅಂತಿದೆ. ನನಗೇ ಬಣ್ಣ ಕಲಿಸ್ತೀಯಾ, ನಾನು ಬರೆದ ಬೋರ್ಡು ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತಿದೆ, ಮಕ್ಕಳಾಟದ ನೀರು ಬಣ್ಣ ಬಳೀಬೇಕಾ ಇವನಿಗೆ, ಅಂದು ಎನಾಮೆಲ್ ಡಬ್ಬದ ಮುಚ್ಚಳ ಮೀಟಿದೆ. ಫ್ಲೆಕ್ಸ್ ಬಂದು ಊರಿನ ಬೋರ್ಡು ಬರೆಯುವವರೆಲ್ಲ ಮೂಲೆ ಸೇರಿದಾಗಲೂ ನಾನು ಹಟಕ್ಕೆ ಅದರ ಮೇಲೆ ಒಂದು ದಿನವೂ ಕುಂಚ ಇಟ್ಟವನಲ್ಲ, ಇಟ್ಟಿದ್ದರೆ ಗೊತ್ತಿರುತ್ತಿತ್ತು, ಅದೂ ಈ ವಿನೈಲೂ ಒಂದೇ ಜಾತಿಯ ವಸ್ತು, ಹೊಟ್ಟೆಯೊಳಗೆ ಎಣ್ಣೆ ಇಟ್ಟುಕೊಂಡಿರುತ್ತದೆ, ಮೇಲೆ ಬಳಿದ ಎನಾಮೆಲ್ಲನ್ನು ಒಣಗಲು ಬಿಡುವುದಿಲ್ಲ. ಇದು ನನಗೆ ಗೊತ್ತಾದದ್ದು ಹೋದ ವಾರ, ಆ ಡಬ್ಬ ಮಾರಿದ ಅಂಗಡಿಯವನು ತಲೆ ಕೆರೆದುಕೊಂಡು ಹೇಳಿದಾಗ, ಅಯ್ಯೋ ಯಜಮಾನ್ರೇ, ಎನಾಮೆಲ್ ಹಾಕಿದ್ರಾ, ಅದು ಯಾವತ್ತೂ ಒಣಗಲ್ಲ. ಯಾವತ್ತೂ. ಅಂದರೆ ಅವಳು ಕಾದದ್ದೆಲ್ಲ ಸುಮ್ಮನೆ. ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ರಾಕ್ಷಸನ ಹತ್ತಿರ ಹೋಗಿ ಎದೆಗೆ ಹೆಬ್ಬೆರಳು ಒತ್ತುವುದು, ಅಪ್ಪಾ ಇನ್ನೂ ಒಣಗಿಲ್ಲ, ಮುಟ್ಟಬೇಡ ಅಂದೆನಲ್ಲೇ, ನೀನು ಮುಟ್ಟಿದರೆ ಅದು ಹೇಗೆ ಒಣಗುತ್ತೆ, ನಾಲಗೆ ಚಾಚಿ ಓಡುವುದು, ನಾನು ಕುಂಚಕ್ಕೆ ಚೂರು ಬಣ್ಣ ತಾಗಿಸಿ ಗುರುತಿನ ಮೇಲೆ ಆಡಿಸಿ ಮಾಯ ಮಾಡುವುದು, ಮಾರನೆಯ ದಿನ ಮತ್ತೆ ಹೆಬ್ಬೆರಳು, ಮತ್ತೆ ಕುಂಚ, ಹತ್ತು ದಿನ, ಹತ್ತು ಗುರುತು, ಹತ್ತನ್ನೂ ಈ ಕೈಯಾರೆ ಅಳಿಸಿದೆ, ಕಸುಬಿನ ಕೈ, ಕಲೆ ಕಂಡರೆ ಸುಮ್ಮನಿರುವುದಿಲ್ಲ.

ಹನ್ನೊಂದನೆಯ ದಿನ ಮೈ ಬಿಸಿಯಿತ್ತು, ಆದರೂ ಹೋಗಿ ಒತ್ತಿದಳು, ಇನ್ನೂ ಒಣಗಿಲ್ಲಪ್ಪ ಅಂದು ಅಲ್ಲೇ ಕುಸಿದು ಕೂತಳು, ಕುಂಚ ಹಿಡಿಯಲು ಪುರುಸೊತ್ತೆಲ್ಲಿ, ಆಟೋ, ಆಸ್ಪತ್ರೆ, ಬಿಳಿ ಹಾಸಿಗೆಯ ಮೇಲೆ ಅವಳ ಕೈ, ಗೀರು ಇನ್ನೂ ಪೂರ್ತಿ ಮಾಗಿರಲಿಲ್ಲ, ಅಪ್ಪಾ ಕಣ್ಣು ನಾನೇ ಬರೀತೀನಿ, ನೀನು ಮುಟ್ಟಬೇಡ — ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟು ನಕ್ಕಳು, ಐದನೆಯ ದಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಕನ್ನಡಕ ಚೊಕ್ಕವಾಗೇ ಇತ್ತು, ಆಗಲೇ ನನಗೆ ತಿಳಿಯಿತು. ಒಂದು ಜ್ವರ, ಬರೀ ಐದು ದಿನ. ಬಟ್ಟೆ ಹೊಟ್ಟೆ ದಾಟುತ್ತಿದೆ, ಹಸಿರು ಹೋದಲ್ಲಿ ರಾಕ್ಷಸ ಬತ್ತಲೆ, ಇನ್ನು ಎರಡು ಬೆರಳು ಮೇಲೆ ಹೋದರೆ ಎದೆ, ಎದೆಯಲ್ಲಿ ಹೆಬ್ಬೆರಳು, ಸುಳಿಸುಳಿಯಾದ ಗೆರೆಗಳು, ಅಡ್ಡಕ್ಕೆ ಓರೆ ಗೀರು, ಒರೆಸಿದರೆ ಹೊಸ ಬಣ್ಣ ಕೂರುತ್ತದೆ, ಕಣ್ಣು ಬರೆಯಬಹುದು, ಮುಗಿಯುತ್ತದೆ, ಒರೆಸದಿದ್ದರೆ ಎಂದೂ ಮುಗಿಯುವುದಿಲ್ಲ, ಧೂಳು ಕೂತು ಕೂತು ಅದೂ ಮುಚ್ಚುತ್ತದೆ, ಕೈ ತಾನಾಗಿಯೇ ಮೇಲೇರುತ್ತಿದೆ, ನಿಲ್ಲು, ನಿಲ್ಲೋ ಮುಠ್ಠಾಳ —

ಏನ್ರೀ, ಒಣಗ್ತಾ ಅಂತೀನಿ, ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ, ಯಾವಾಗ ಬಂದಳೋ, ನೋಡುವುದಕ್ಕೆಂದು ಬೆರಳು ಚಾಚಿದ್ದಾಳೆ, ಮುಟ್ಟಬೇಡ, ಎಂದು ನಾನು ಕಿರುಚಿದ್ದಕ್ಕೆ ಬೆಚ್ಚಿ ಕೈ ಎಳೆದುಕೊಂಡಳು, ಎದೆಯ ಗುರುತಿನ ವಿಷಯ ಅವಳಿಗೆ ನಾನು ಹೇಳಿರಲಿಲ್ಲ, ಇಷ್ಟು ದಿನ ಒಬ್ಬನೇ ಬಚ್ಚಿಟ್ಟುಕೊಂಡಿದ್ದೆ, ರಾಕ್ಷಸನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದೆ, ಬಗ್ಗಿ ನೋಡಿದಳು, ಉಸಿರು ತಾಗದಂತೆ ಸೆರಗು ಬಾಯಿಗೆ ಹಿಡಿದಳು, ಈ ಗೀರು, ಏನ್ರೀ, ಆ ಬ್ಲೇಡಿಂದು, ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಎದೆಗವುಚಿಕೊಂಡು ನೆಲಕ್ಕೆ ಕೂತಳು, ಕಣ್ಣು ಬೇಡ, ಏನೂ ಬೇಡ, ಹೀಗೇ ಇರ್ಲಿ ಅಂತಿದ್ದಾಳೆ, ಹೂಂ ಅನ್ನಲೂ ನನಗಾಗುತ್ತಿಲ್ಲ, ಅಂಗಡಿಯವನನ್ನು ಅವತ್ತೇ ವಿಚಾರಿಸಿದ್ದರೆ, ಚೀಟಿಯ ಮಾತು ಕೇಳಿದ್ದರೆ, ಎರಡೇ ಗಂಟೆಯಲ್ಲಿ ಒಣಗುತ್ತಿತ್ತು, ಅವಳ ಕಣ್ಣೆದುರೇ ರಾಕ್ಷಸ ಕಣ್ಣು ಬಿಡುತ್ತಿದ್ದ, ಮತ್ತೆ ಇವತ್ತು ಇಲ್ಲಿ ಏನೂ ಇರುತ್ತಿರಲಿಲ್ಲ, ಹತ್ತು ಸಲ ಮುಟ್ಟಬೇಡ ಅಂದೆ, ಹತ್ತು ಸಲ ಅಳಿಸಿದೆ, ಪುಣ್ಯ, ನಮ್ಮ ಪುಣ್ಯ, ಮೊಂಡಿ ಒಂದು ಸಲವೂ ನನ್ನ ಮಾತು ಕೇಳಲಿಲ್ಲ, ಹೆಬ್ಬೆರಳು, ಹಸಿರಿನಲ್ಲಿ ಹೆಬ್ಬೆರಳು, ಅಡ್ಡಕ್ಕೆ ಆ ಗೀರು