ಇನ್ನು ಅದು ಕೂಗಲ್ಲ

ಅಕ್ಕನ ಫೋನು ಬಂದರೆ ತಮ್ಮನಿಗೆ ಮೈಯೆಲ್ಲ ಉರಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಂದು ಕೈಲಿ ಕಾದ ಸೋಲ್ಡರಿಂಗ್ ಐರನ್, ಎದುರಿಗೆ ಗೊಣಗುವ ಗಿರಾಕಿ, ಕಿವಿಗೂ ಭುಜಕ್ಕೂ ನಡುವೆ ಅಕ್ಕ.

"ಲೋ ಮೆಣಸಿನಕಾಯಿ, ಮತ್ತೆ ಬಂತು ಕಣೋ. ಈ ಆ್ಯಪ್‌ನಿಂದ ಅಪಾಯ ಇರಬಹುದು ಅಂತಿದೆ. ಏನು ಒತ್ತಲಿ?"

"ಅದು ನಿನ್ನ ಕಸೂತಿ ಆ್ಯಪೇ ಅಲ್ವೇನೇ? ನಿನ್ನೆನೂ ಅದೇ, ಮೊನ್ನೆನೂ ಅದೇ. ಇರಲಿ ಅಂತ ಒತ್ತು, ನನ್ನ ಪ್ರಾಣ ತಿನ್ಬೇಡ."

"ಪೂರ್ತಿ ಓದ್ತೀನಿ ಇರೋ. ಬೇರೆ ಏನಾದ್ರೂ ಆಗಿದ್ರೆ?"

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಮೆಷಿನ್ ಇಟ್ಟುಕೊಂಡವಳು. ಶಾಲೆಯ ಅಂಗಿಯ ಲಾಂಛನ, ಮಗುವಿನ ಹೊದಿಕೆಯ ಆನೆಮರಿ, ಎಲ್ಲವನ್ನೂ ಹೊಲಿಗೆ ಹೊಲಿಗೆಯಾಗಿ ಕಂಪ್ಯೂಟರಿನಲ್ಲಿ ಬಿಡಿಸಿ ಮೆಷಿನ್‌ಗೆ ಕೊಡಬೇಕು. ಆ ಹಳೇ ಆ್ಯಪ್ ಕಂಡರೆ ಆ್ಯಂಟಿವೈರಸ್‌ಗೆ ಆಗದು. ತೆರೆದಾಗಲೆಲ್ಲ ಎಚ್ಚರಿಕೆ. ಅವಳೋ ಒಂದಕ್ಷರ ಬಿಡದೆ ಓದಿ, ತಮ್ಮನನ್ನು ಕೇಳಿಯೇ ಒತ್ತುವವಳು.

ಒಂದು ಮಧ್ಯಾಹ್ನ ಅವನು ಬುಸುಗುಡುತ್ತಾ ಬಂದು ಅವಳ ಕಂಪ್ಯೂಟರಿನ ಮುಂದೆ ಕುಳಿತ. ಆ್ಯಂಟಿವೈರಸ್ ತಪಾಸಣೆ ಮಾಡದೆ ಬಿಡುವ, ನಂಬಬಹುದಾದವುಗಳ ಪಟ್ಟಿಗೆ ಆ ಆ್ಯಪೊಂದನ್ನೇ ಸೇರಿಸಿದ್ದರೆ ಸಾಕಿತ್ತು. ಅದಕ್ಕೆ ಅದರ ಫೈಲು ಎಲ್ಲಿದೆಯೆಂದು ಹುಡುಕಬೇಕು. ಯಾರಿಗೆ ಬೇಕು ಆ ರಗಳೆ ಎಂದು ಇಡೀ ಡ್ರೈವನ್ನೇ ಸೇರಿಸಿಬಿಟ್ಟ. ಇನ್ನು ಅಲ್ಲಿ ಏನು ಬಂದು ಬಿದ್ದರೂ ಹೇಳುವವರಿಲ್ಲ, ಕೇಳುವವರಿಲ್ಲ.

"ಇನ್ನು ಅದು ಕೂಗಲ್ಲ. ನೀನೂ ಕೂಗ್ಬೇಡ," ಎಂದು ಎದ್ದು ಹೋದ.

ಅದು ಕೂಗಲಿಲ್ಲ. ಅಕ್ಕನೂ ಕೂಗಲಿಲ್ಲ. ಅವನಿಗೆ ಹಾಯೆನಿಸಿತ್ತು. ಈಗ ಮುಳ್ಳಿನಂತೆ ಚುಚ್ಚುವುದು ಆ ನೆಮ್ಮದಿಯೇ.

ಯಾರೋ ಹೊಸ ಗಿರಾಕಿ ಡಿಸೈನ್ ಎಂದು ಮೇಲ್‌ನಲ್ಲಿ ಒಂದು ಫೈಲು ಕಳಿಸಿದ. ಅಕ್ಕ ಅದನ್ನು ಅದೇ ಡ್ರೈವ್‌ಗೆ ಇಳಿಸಿಕೊಂಡು ತೆರೆದಳು. ಪರದೆಯ ಮೂಲೆ ಸುಮ್ಮನಿತ್ತು. ಸುಮ್ಮನಿದೆ ಎಂದರೆ ಸರಿಯಿದೆ ಎಂದುಕೊಂಡಳು. ಸಂಜೆಯೊಳಗೆ ಅವಳು ಬಿಡಿಸಿಟ್ಟದ್ದರಲ್ಲಿ ಒಂದು ಫೈಲೂ ತೆರೆಯದು. ಆ ಮೇಲ್‌ನ ಫೈಲಿನಲ್ಲಿ ಅಡಗಿ ಬಂದ ವೈರಸ್ ಎಲ್ಲಕ್ಕೂ ಬೀಗ ಜಡಿದಿತ್ತು.

ಅವನು ಓಡಿಬಂದ. ಬೇರೆ ಕಡೆ ನಕಲು ಇಟ್ಟಿಲ್ಲವೇ ಎಂದು ರೇಗಲು ಬಾಯಿ ತೆರೆದವನು, ಇಟ್ಟುಕೊಡಬೇಕಾದವನು ತಾನೇ ಎಂದು ಹೊಳೆದು ಮುಚ್ಚಿದ.

"ತೆರೆಯೋ ಮುಂಚೆ ಒಂದು ಫೋನ್ ಮಾಡಬಾರದಿತ್ತಾ ಅಕ್ಕಾ?"

"ನೀನೇ ಬೇಡ ಅಂದಿದ್ಯಲ್ಲೋ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ.

ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ, ಆ್ಯಪ್‌ಗಳನ್ನು ಹೊಸದಾಗಿ ಹಾಕಿದ. ಈ ಸಲ ಆ ಆ್ಯಪಿನ ಫೈಲೊಂದನ್ನೇ ಹುಡುಕಿ ಪಟ್ಟಿಗೆ ಸೇರಿಸಿದ. ಎಷ್ಟು ಹೊತ್ತಿನ ಕೆಲಸ? ಗಿರಾಕಿಯ ಫೋನಿಗೆ ಗಾಜು ಅಂಟಿಸುವಷ್ಟೂ ಇಲ್ಲ. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಅಕ್ಕ ಖಾಲಿ ಪರದೆಯ ಮೇಲೆ ಆನೆಮರಿಯ ಕಿವಿಯಿಂದ ಶುರುಮಾಡಿದಳು. ಅಷ್ಟರಲ್ಲಿ ಮೂಲೆಯಲ್ಲಿ ಬೇರೇನೋ ಎಚ್ಚರಿಕೆ ಮೂಡಿತು. ಪಕ್ಕದಲ್ಲೇ ಇದ್ದ ತಮ್ಮ, ಕೇಳುತ್ತಾಳೆಂದು ಕಾದ. ಅವಳು ತುಟಿಯಾಡಿಸುತ್ತಾ ತಾನೇ ಓದಿಕೊಂಡಳು, ಬೇಡ ಎಂದು ಒತ್ತಿದಳು, ಸೊಂಡಿಲಿಗೆ ತಿರುಗಿದಳು.

"ಏನಂತೆ ಅಕ್ಕಾ ಅದು?"

"ಏನಿಲ್ಲ ಬಿಡು. ನಿಂಗೆ ಅಂಗಡಿಗೆ ಹೊತ್ತಾಗುತ್ತೆ."